ಕೆಂಡ ಟೆಂಟ್ ಒಳಗೆ ಬೇಡ, ಪುಟ್ಟೀ

ಪ್ರೀತಿಯ ಪುಟ್ಟೀ,

ಮನೆಯ ಸುದ್ದಿಯೆಲ್ಲ ಅಪ್ಪ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯಲ್ಲಿ ಒಂದು ಮಾತಿದೆ. ಹೋದ ಸಲ ಬೆಳಗಿನವರೆಗೂ ನಡುಗಿದೆ, ಈ ಸಲ ಒಲೆಯ ಕೆಂಡವನ್ನು ಡಬ್ಬಿಗೆ ಹಾಕಿ ಸ್ವಲ್ಪ ಹೊತ್ತು ಟೆಂಟ್ ಒಳಗಿಟ್ಟುಕೊಳ್ಳುತ್ತೇವೆ, ಹೊಗೆ ಇಲ್ಲದಿದ್ದರೆ ಏನೂ ಆಗಲ್ಲ ಅಲ್ವಾ ದೊಡ್ಡಪ್ಪ ಅಂತ ಕೇಳಿದ್ದೀಯ. ಅದನ್ನು ಓದಿದ ಮೇಲೆ ನನಗೆ ಬೇರೇನೂ ತಲೆಗೆ ಹೋಗುತ್ತಿಲ್ಲ.

ಆಗುತ್ತದೆ, ಪುಟ್ಟೀ. ಹೊಗೆ ಬಂದರೆ ಕಣ್ಣುರಿದು ನೀನೇ ಎದ್ದು ಹೊರಗೆ ಓಡುತ್ತೀಯ. ಬೂದಿ ಮುಚ್ಚಿ ಸುಮ್ನೆ ಕೂತಿರುವ ಕೆಂಡದಿಂದ ಬರುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇದೆಯಲ್ಲ, ಅದಕ್ಕೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಇಡೀ ದಿನ ನಡೆದು ಬಂದವರಿಗೆ ಇದೆಲ್ಲ ಬರೀ ಆಯಾಸ ಅನ್ನಿಸಿಬಿಡುತ್ತದೆ. ನಿದ್ದೆಯಲ್ಲಿರುವವರಿಗೆ ಅಷ್ಟೂ ಗೊತ್ತಾಗುವುದಿಲ್ಲ.

ನಿನಗೆ ಹೇಳಿಲ್ಲದ ಒಂದು ವಿಷಯ ಇದೆ. ನಿನ್ನ ಅಪ್ಪನಿಗೂ ಹೇಳಿಲ್ಲ. ನಿನ್ನ ವಯಸ್ಸಿನಲ್ಲಿ ನನಗೊಬ್ಬ ಗೆಳೆಯನಿದ್ದ. ಗಾಳಿ ಮಳೆ ಹೊಡೆಯುತ್ತಿದ್ದ ಒಂದು ರಾತ್ರಿ ಅವನು ಪಕ್ಕದ ಟೆಂಟಿನಲ್ಲಿ ಕೆಂಡದ ಡಬ್ಬಿ ಇಟ್ಟುಕೊಂಡು ಮಲಗಿದ್ದ, ನಮಗೆ ಗೊತ್ತಿರಲಿಲ್ಲ. ಬೆಳಗ್ಗೆ ಕೂಗಿದರೆ ಉತ್ತರವಿಲ್ಲ. ಎಳೆದು ಹೊರಗೆ ಹಾಕಿದೆವು. ಬದುಕಿದ, ಆದರೆ ಮೊದಲಿನಂತೆ ಆಗಲಿಲ್ಲ. ಹೇಳಿದ್ದನ್ನೇ ಹೇಳುತ್ತಿದ್ದ, ಗುರುತಿನವರ ಹೆಸರು ಮರೆಯುತ್ತಿದ್ದ. ಮೊದಮೊದಲು ನೋಡಲು ಹೋಗುತ್ತಿದ್ದೆ. ಆಮೇಲೆ ಒಂದು ದಿನ ನನ್ನ ಹೆಸರೂ ಅವನಿಗೆ ನೆನಪಾಗದಿದ್ದರೆ ಏನು ಮಾಡಲಿ ಅನ್ನುವ ಹೆದರಿಕೆಗೆ ಹೋಗುವುದನ್ನೇ ಬಿಟ್ಟೆ. ಈಗ ಅವನಿಲ್ಲ. ಹೋಗಬೇಕಿತ್ತು ಅನ್ನಿಸುತ್ತದೆ. ಹೆಸರು ಮರೆತಿದ್ದರೂ ಹೋಗಬೇಕಿತ್ತು.

ಜಿಪ್ ಸ್ವಲ್ಪ ತೆರೆದಿಟ್ಟರೆ ಸಾಲದೇ ಅನ್ನುತ್ತೀಯ. ಸಾಲದು. ಮಳೆಗೆ ನೆನೆದ ಬಟ್ಟೆಯಲ್ಲಿ ಗಾಳಿ ಆಡುವುದೇ ಕಷ್ಟ. ಕೆಂಡ ಆರುತ್ತಾ ಬಂದಾಗಲೂ ಆ ಅನಿಲ ಬರುತ್ತಲೇ ಇರುತ್ತದೆ. ಗ್ಯಾಸ್ ಸ್ಟೋವ್ ಆದರೂ ಅಷ್ಟೇ. ಟೆಂಟ್ ಮುಂದಿನ ಮುಚ್ಚಿದ ಜಾಗದಲ್ಲೂ ಬೇಡ.

ಹಾಗಾದರೆ ಚಳಿಗೆ ಏನು ಮಾಡಲಿ ಅಂತ ನೀನು ಕೇಳುವುದು ಸರಿಯೇ. ನಮ್ಮ ಕಾಲದ ಸಾಮಾನೇ ಬೇರೆ, ಈಗಿನದು ನಿನಗೇ ಜಾಸ್ತಿ ಗೊತ್ತಿರಬಹುದು. ಆದರೂ ನೀನು ಬರೆದಿದ್ದು ನೋಡಿದರೆ ನಿನ್ನನ್ನು ನಡುಗಿಸಿದ್ದು ನೆಲ. ಬೆನ್ನೇ ಮೊದಲು ತಣ್ಣಗಾಯಿತು ಅಂದೆಯಲ್ಲ. ಸ್ಲೀಪಿಂಗ್ ಬ್ಯಾಗಿನಲ್ಲಿ ಶಾಖ ಹಿಡಿದಿಡುವುದು ಅದರೊಳಗೆ ನಿಂತ ಗಾಳಿ, ಮೈಭಾರಕ್ಕೆ ಕೆಳಗಿನ ಭಾಗ ಒತ್ತಿಹೋದರೆ ಆ ಗಾಳಿಗೆ ಜಾಗವೇ ಇರುವುದಿಲ್ಲ, ಎಷ್ಟು ದುಬಾರಿ ಬ್ಯಾಗ್ ಆದರೂ. ಕೆಳಗೆ ಎರಡು ಮ್ಯಾಟ್ ಹಾಸು, ಒಂದು ಫೋಮಿನದಿರಲಿ. ಮ್ಯಾಟ್ ಮೇಲೆ ಆರ್-ವ್ಯಾಲ್ಯೂ ಅಂತ ಬರೆದಿರುತ್ತದೆ, ನೆಲದ ತಂಪನ್ನು ಅದು ಎಷ್ಟು ತಡೆಯುತ್ತದೆ ಅನ್ನುವ ಅಂಕಿ, ಎರಡರದ್ದನ್ನೂ ಕೂಡಿಸಬಹುದು. ನೀರು ಹೆಪ್ಪುಗಟ್ಟುವ ಚಳಿಗೆ 4ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಬ್ಯಾಗ್ ಮೇಲೆ ಕಂಫರ್ಟ್ ಅಂತ ಇರುವ ಅಂಕಿ ನೋಡು, ಅದು ಆರಾಮವಾಗಿ ಮಲಗಬಹುದಾದ ಚಳಿ; ಲಿಮಿಟ್ ಅಂತ ಇರುವುದು ಹೇಗೋ ತಡೆದುಕೊಳ್ಳಬಹುದಾದ ಚಳಿ, ಅದನ್ನು ನಂಬಿ ಹೋಗಬೇಡ.

ಬೆಚ್ಚಗೆ ಬೇಕೇ ಬೇಕು ಅಂದರೆ ನೀರು ಕಾಯಿಸು. ಹೊರಗೆ, ಬಯಲಲ್ಲಿ. ಸೋರದ ಬಾಟಲಿಗೆ ತುಂಬಿ, ಕಾಲುಚೀಲದಲ್ಲಿ ಸುತ್ತಿ, ಬ್ಯಾಗಿನೊಳಗೆ ಕಾಲ ಹತ್ತಿರ ಇಟ್ಟುಕೋ. ನೀನು ಕೆಂಡದಿಂದ ಬಯಸುವ ಶಾಖ ಅದರಲ್ಲೂ ಸಿಗುತ್ತದೆ, ಅಪಾಯವಿಲ್ಲದೆ. ಹಗಲು ಬೆವರಿದ ಬಟ್ಟೆಯಲ್ಲಿ ಮಲಗಬೇಡ, ಒಣಗಿದ್ದೊಂದು ಜೊತೆ ಮಲಗುವುದಕ್ಕೆ ಅಂತಲೇ ಇರಲಿ. ತಲೆಗೆ ಟೋಪಿ ಇರಲಿ. ಆದರೆ ಮುಖ ಬ್ಯಾಗಿನೊಳಗೆ ಹುದುಗಿಸಬೇಡ, ಉಸಿರಿನ ತೇವಕ್ಕೆ ಒಳಗೆಲ್ಲ ಒದ್ದೆಯಾಗುತ್ತದೆ. ತಣ್ಣನೆಯ ಗಾಳಿ ತಗ್ಗಿಗೆ ಇಳಿಯುತ್ತದೆ, ನೀರಿನ ದಡದಿಂದ ಸ್ವಲ್ಪ ಮೇಲೆ ಟೆಂಟ್ ಹಾಕಿ. ಇವೆಲ್ಲ ನಿನಗೆ ಗೊತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ಒಂದು ವೇಳೆ ನಿನಗೆ ತಿಳಿಯದ ಹಾಗೆ ಯಾರಾದರೂ ಕೆಂಡ ಒಳಗೆ ತಂದರೆ, ತಲೆ ಸ್ವಲ್ಪ ನೋಯುತ್ತಿದೆ ಅನ್ನಿಸಿದರೂ ಸಾಕು, ಎಲ್ಲರನ್ನೂ ಎಬ್ಬಿಸಿ ಹೊರಗೆ ಬಾ. ಚಳಿಯಿದ್ದರೂ ಬಾ. ಆಮೇಲೆ ಡಾಕ್ಟರ ಹತ್ತಿರ ಹೋಗು, ಕಡಿಮೆಯಾಯಿತು ಅಂತ ಸುಮ್ಮನಾಗಬೇಡ. ಬ್ಯಾಟರಿಯ ಪುಟ್ಟ ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ, ದುಡ್ಡು ನಾನು ಕೊಡುತ್ತೇನೆ. ಅದು ಇದೆ ಅಂತ ಮತ್ತೆ ಕೆಂಡ ತರಬೇಡ.

ಜೊತೆಗೆ ಬರುವವರಿಗೂ ಈ ಪತ್ರ ಓದಿಸು. ಹೊರಡುವ ಮೊದಲು ನನಗೊಂದು ಸಾಲು ಬರೆ. ಊಟ, ದಾರಿ ಏನೂ ಬರೆಯದಿದ್ದರೂ ಪರವಾಗಿಲ್ಲ, ರಾತ್ರಿ ಒಲೆ ಎಲ್ಲಿರುತ್ತದೆ ಅನ್ನುವುದನ್ನು ಬರೆ.

ನಿನ್ನ ದೊಡ್ಡಪ್ಪ