ಎನಾಮೆಲ್ ಕುಕ್ಕಿಂಗ್ ರೇಂಜ್ ಶುಚಿಗೊಳಿಸುವ ಕುರಿತು
ಸದಸ್ಯರೆಲ್ಲರ ಗಮನಕ್ಕೆ: ನಮ್ಮ ಸಂಘದ ಅಡುಗೆಮನೆಯ ಕುಕ್ಕಿಂಗ್ ರೇಂಜ್‌ನ ಎನಾಮೆಲ್, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜಿನ ಲೇಪವಾದ್ದರಿಂದ, ಬಿಸಿಯಿರುವಾಗ ತಣ್ಣನೆಯ ಒದ್ದೆ ಬಟ್ಟೆ ತಾಗಿಸಿದರೆ ಬಿರುಕು ಬಿಡಬಹುದು. ತಣಿದ ಮೇಲೆಯೇ ತೊಳೆಯಿರಿ. ಆದರೆ ಪುನರ್ಪುಳಿ ಸಾರೋ ಹುಣಸೆ ಹಾಕಿದ ಮೀನಿನ ಗಸಿಯೋ ಚೆಲ್ಲಿದರೆ ಮಾತ್ರ ಕಾಯದೆ, ಉರಿ ಆರಿಸಿ, ದಪ್ಪನೆಯ ಒಣಬಟ್ಟೆಯಿಂದ ಜಾಗ್ರತೆಯಾಗಿ ಹೀರಿಸಿ ತೆಗೆಯಬೇಕು. ಹುಳಿ ನಿಂತಲ್ಲಿ ಹೊಳಪು ಮಾಸಿ, ಬೆರಳಾಡಿಸಿದರೆ ತರಿತರಿ ಎನಿಸುವ ಕಲೆ ಉಳಿಯುತ್ತದೆ, ಅದು ಮತ್ತೆ ಹೋಗುವುದಿಲ್ಲ. ಹಳೆಯ ಜಿಡ್ಡಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಮೆತ್ತಗೆ ಒರೆಸಿದರೆ ಸಾಕು. ಸ್ಟೀಲ್ ಸ್ಕ್ರಬರ್ ಬೇಡವೇ ಬೇಡ. ಅಂಚಿನಲ್ಲಿ ಲೇಪ ಚಕ್ಕೆಯೆದ್ದಿದ್ದರೆ, ಉಡುಪಿಯ ಮಳೆಗಾಲದ ತೇವಕ್ಕೆ ಅಡಿಯ ಲೋಹ ಬೇಗ ತುಕ್ಕು ಹಿಡಿಯುವುದರಿಂದ, ದಯವಿಟ್ಟು ಅದೇ ದಿನ ಫೋಟೊ ಸಹಿತ ಇಲ್ಲಿ ತಿಳಿಸಿ.