ದೋಣಿಯ ಶಾಫ್ಟಿಗೆ ಬರೀ ‘ಎಸ್‌ಎಸ್’ ಅಂದರೆ ಸಾಲದು

ಮಾನ್ಯ ಸಂಪಾದಕರೇ,

ಗಂಗೊಳ್ಳಿಯಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಪಂಪ್‌ಸೆಟ್ಟಿನ ಎಂಜಿನ್‌ಗೆ ಉದ್ದನೆಯ ಶಾಫ್ಟ್ ಜೋಡಿಸಿ, ತುದಿಗೆ ನೀರು ತಳ್ಳುವ ಫ್ಯಾನ್ ಹಾಕಿ, ದೋಣಿಗೆ ತಾವೇ ಮೋಟಾರ್ ಮಾಡಿಕೊಳ್ಳುವವರು ಈಗ ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ಮೊಬೈಲಲ್ಲಿ ವಿಡಿಯೊ ನೋಡಿ, ಸರಳು ಹೆಗಲ ಮೇಲಿಟ್ಟುಕೊಂಡು ಬರುವ ಹುಡುಗರನ್ನು ಕಂಡರೆ ನನಗೆ ಖುಷಿಯೇ. ಕಂಪನಿ ಮೋಟಾರ್ ಕೊಳ್ಳುವಷ್ಟು ದುಡ್ಡಿಲ್ಲದವನು ಕೈಯಾರೆ ಮಾಡಿಕೊಂಡರೆ ತಪ್ಪೇನು? ಆದರೆ ಸರಳು ಯಾವ ಲೋಹದ್ದು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ಎಸ್‌ಎಸ್’, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಆ ಒಂದು ಮಾತು ನಂಬಿ ಉಪ್ಪುನೀರಿಗೆ ಇಳಿಯುತ್ತಿದ್ದಾರಲ್ಲ, ಅದಕ್ಕೇ ಈ ಪತ್ರ.

ಹೋದ ವರ್ಷ ನನ್ನ ಚಿಕ್ಕಪ್ಪನ ಮಗ ಬಲೆ ಎಳೆದು ವಾಪಸ್ ಬರುತ್ತಿದ್ದ. ಅಳಿವೆ ಬಾಗಿಲ ಹತ್ತಿರ ಎಂಜಿನ್ ಒಮ್ಮೆಲೇ ಕಿರುಚಿಕೊಂಡಿತು, ದೋಣಿ ಮಾತ್ರ ಮುಂದೆ ಹೋಗಲಿಲ್ಲ. ಶಾಫ್ಟ್ ತುಂಡಾಗಿ ಫ್ಯಾನ್ ನೀರುಪಾಲಾಗಿತ್ತು. ಅದು ಇಳಿತದ ಹೊತ್ತು, ನೀರು ದೋಣಿಯನ್ನು ಕಡಲ ಕಡೆಗೇ ಎಳೆಯುತ್ತಿತ್ತು. ಬೇರೆ ದೋಣಿಯವರು ಹಗ್ಗ ಎಸೆದು ಎಳೆದು ತಂದರು. ಸಂಜೆ ಅವನು ಮುರಿದ ಶಾಫ್ಟನ್ನು ನನ್ನ ಬೆಂಚಿನ ಮೇಲಿಟ್ಟು, ‘ಅಣ್ಣ, ಇದ್ ಎಸ್‌ಎಸ್ ಅಲ್ದಾ?’ ಅಂದ.

ಆ ತುಂಡನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪಗೆ, ನುಣ್ಣಗೆ ಇದೆ. ಅದರ ಮೇಲೆ ಚಿಪ್ಪಿನ ಬೆನ್ನಲ್ಲಿ ಇರುತ್ತವಲ್ಲ, ಹಾಗೆ ಒಂದರ ಹಿಂದೊಂದು ಬಾಗಿದ ಗೆರೆಗಳು. ಉಳಿದ ಕಾಲು ಭಾಗ ಮಾತ್ರ ಸಕ್ಕರೆ ಹರಳಿನಂತೆ ಹೊಳೆಯುತ್ತದೆ. ಅಂದರೆ ಬಿರುಕು ಎಷ್ಟೋ ದಿನದಿಂದ ಚೂರು ಚೂರೇ ಒಳಗೆ ಹೋಗುತ್ತಿತ್ತು. ಅಳಿವೆಯಲ್ಲಿ ಮುರಿದದ್ದು ಕೊನೆಯ ಕಾಲು ಭಾಗ ಅಷ್ಟೇ. ಶಾಫ್ಟನ್ನು ಹಿಡಿದಿಡುವ ರಬ್ಬರ್ ಬುಷ್ ಕೂರುವ ಜಾಗದಲ್ಲಿ ಸೂಜಿ ಚುಚ್ಚಿದಂಥ ತೂತುಗಳು, ಸುತ್ತ ಚಹಾ ಬಣ್ಣದ ಕಲೆ. ಗೆರೆಗಳೆಲ್ಲ ಹೊರಟದ್ದು ಅಂಥದ್ದೇ ಒಂದು ತೂತಿನಿಂದ. ಮ್ಯಾಗ್ನೆಟ್ ಹಿಡಿದೆ, ಟಕ್ಕನೆ ಕಚ್ಚಿತು. ಕೇಳಿದರೆ, ಗುಜರಿಯಲ್ಲಿ ಸಿಕ್ಕಿದ ಬೋರ್‌ವೆಲ್ ಪಂಪಿನ ಶಾಫ್ಟ್ ಅಂತೆ.

ಪಂಪಿನ ಶಾಫ್ಟಿಗೆ ಸಾಮಾನ್ಯವಾಗಿ ಬಳಸುವುದು 410 ಎಂಬ ಜಾತಿಯ ಸ್ಟೇನ್‌ಲೆಸ್. ಸಿಹಿನೀರಲ್ಲಿ ಅದು ಒಳ್ಳೆಯದೇ. ಅದರಲ್ಲಿ ಕ್ರೋಮಿಯಂ ಶೇ 12ರ ಆಸುಪಾಸು ಮಾತ್ರ ಇರುತ್ತದೆ, ಸಮುದ್ರದ ಉಪ್ಪಿಗೆ ಅಷ್ಟು ಸಾಲದು. ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಮೇಲಿನ ಕಣ್ಣಿಗೆ ಕಾಣದಷ್ಟು ತೆಳು ಪದರ. ಗೀರು ಬಿದ್ದರೆ ನೀರಲ್ಲಿರುವ ಆಮ್ಲಜನಕದಿಂದ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಬುಷ್ ಅಡಿ, ನೀರು ದೋಣಿಯೊಳಗೆ ಬರದಂತೆ ತಡೆಯುವ ಗ್ಲ್ಯಾಂಡ್ ಒಳಗೆ ನೀರು ನಿಂತಲ್ಲೇ ನಿಂತಿರುತ್ತದೆ. ಅಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ, ಉಪ್ಪು ಮಾತ್ರ ಉಳಿದು ಕೊರೆಯುತ್ತದೆ. ಹಾಗಾಗಿ ಹೊರಗೆ ಬೆಳ್ಳಿಯಂತೆ ಹೊಳೆಯುವ ಶಾಫ್ಟ್ ನಮಗೆ ಕಾಣದ ಜಾಗದಲ್ಲೇ ಹಾಳಾಗುತ್ತದೆ.

ಅಡುಗೆ ಪಾತ್ರೆಗೆ ಬಳಸುವ 304 ಕೂಡ ಉಪ್ಪುನೀರಲ್ಲಿ ಹೀಗೇ ತೂತು ಬೀಳುತ್ತದೆ. 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ. ಉಪ್ಪಿನ ಎದುರು ನಿಲ್ಲುವ ತಾಕತ್ತು ಆ ಚೂರು ಮಾಲಿಬ್ಡಿನಮ್‌ನಿಂದಲೇ. ಸಮುದ್ರಕ್ಕೆ, ಅಳಿವೆಗೆ, ಉಪ್ಪು ಹತ್ತುವ ಹೊಳೆಗೆ ಮನೆಯಲ್ಲೇ ಮೋಟಾರ್ ಮಾಡುವವರು ಕೊಳ್ಳಬೇಕಾದದ್ದು 316. ಬೆಲೆ ಜಾಸ್ತಿ, ಹೌದು. ಇಡೀ ಸರಳು ಬೇಡ, ಬೇಕಾದಷ್ಟೇ ಕತ್ತರಿಸಿಕೊಡಿ ಅಂತ ಕೇಳಿ. ದೋಣಿಯನ್ನು ವಾರಗಟ್ಟಲೆ ಉಪ್ಪುನೀರಲ್ಲಿ ಸುಮ್ನೆ ಕಟ್ಟಿಹಾಕಿದರೆ 316 ಕೂಡ ತೂತು ಬೀಳಬಹುದು. ಕೆಲಸ ಇಲ್ಲದ ದಿನ ಶಾಫ್ಟನ್ನು ಮೇಲೆತ್ತಿ ಸಿಹಿನೀರಲ್ಲಿ ತೊಳೆದಿಡಬೇಕು.

ಮ್ಯಾಗ್ನೆಟ್ ಕಚ್ಚದಿದ್ದರೆ ಒಳ್ಳೆ ಮಾಲು ಅನ್ನುವ ನಂಬಿಕೆ ನಮ್ಮಲ್ಲಿದೆ. ಅದು ಅರ್ಧ ಸತ್ಯ. ಕಚ್ಚಿದರೆ 410 ಇರಬಹುದು ಎಂಬ ಅನುಮಾನ ಸರಿ. ಆದರೆ ಅಗ್ಗದ 202, ಅಡುಗೆಮನೆಯ 304, ನಮಗೆ ಬೇಕಾದ 316 ಮೂರಕ್ಕೂ ಸಾಮಾನ್ಯವಾಗಿ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುವುದಿಲ್ಲ. 316ನ್ನು ಉಳಿದೆರಡರಿಂದ ಬೇರೆ ಮಾಡಿ ತೋರಿಸಲು ಮಾಲಿಬ್ಡಿನಮ್ ಇದ್ದರೆ ಬಣ್ಣ ತಿರುಗುವ ದ್ರಾವಣ ಸಿಗುತ್ತದೆ. ಒಂದು ಹನಿ ಸಾಕು.

ಇನ್ನೊಂದು ತಪ್ಪು ತಿಳಿವಳಿಕೆ, ಗಟ್ಟಿ ಉಕ್ಕು ಹಾಕಿದರೆ ಮುರಿಯುವುದಿಲ್ಲ ಅನ್ನುವುದು. ಲಾರಿ ಆಕ್ಸಲ್ ತಂದು ಶಾಫ್ಟ್ ಮಾಡಿ ಅಂದವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. 5 ಎಚ್‌ಪಿ ಎಂಜಿನ್ ಶಾಫ್ಟನ್ನು ನಿಮಿಷಕ್ಕೆ 1,500 ಸುತ್ತು ತಿರುಗಿಸುವಾಗ ಬೀಳುವ ತಿರುಚು ಬಲ, ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಎರಡೂವರೆ ಕೆಜಿ ನೇತುಹಾಕಿದಷ್ಟೇ. 20 ಮಿ.ಮೀ. ಸರಳಿಗೆ ಅದು ಏನೂ ಅಲ್ಲ. ಶಾಫ್ಟ್ ಮುರಿಯುವುದು ಉಪ್ಪು ಕೊರೆದ ತೂತಿನಿಂದ, ಚೂಪು ಮೂಲೆ ಬಿಟ್ಟು ಕತ್ತರಿಸಿದ ಕೀವೇಯಿಂದ (ಫ್ಯಾನ್ ಜಾರದಂತೆ ಕೀ ಕೂರಿಸುವ ಕಚ್ಚು), ಮತ್ತೆ ಹೊಯ್ದಾಟದಿಂದ.

ಈ ಹೊಯ್ದಾಟಕ್ಕೆ ಯಾವ ಲೋಹವೂ ಮದ್ದಲ್ಲ. 25 ಮಿ.ಮೀ. ದಪ್ಪದ, ಒಂದೂವರೆ ಮೀಟರ್ ಉದ್ದದ ಉಕ್ಕಿನ ಸರಳನ್ನು ಎರಡು ತುದಿಯಲ್ಲಿ ಮಾತ್ರ ಹಿಡಿದರೆ, ನಿಮಿಷಕ್ಕೆ ಸುಮಾರು 1,300 ಸುತ್ತಿನ ಹತ್ತಿರ ಅದು ನಡುವಲ್ಲಿ ಬಿಲ್ಲಿನಂತೆ ಬಾಗಿ ಹೊಡೆದುಕೊಳ್ಳುತ್ತದೆ. ಅದು ಸಾದಾ ಉಕ್ಕಾದರೂ ಅಷ್ಟೇ, 316 ಆದರೂ ಅಷ್ಟೇ. ಸರಿಯಾಗಿ ಮಧ್ಯದಲ್ಲಿ ಒಂದು ಬುಷ್ ಕೊಟ್ಟರೆ ಈ ಮಿತಿ ನಾಲ್ಕು ಪಟ್ಟು ಮೇಲೆ ಹೋಗುತ್ತದೆ. ಒಂದು ಬುಷ್ ಉಳಿಸಲು ಹೋಗಿ ಇಡೀ ಶಾಫ್ಟ್ ಕಳೆದುಕೊಂಡವರನ್ನು ನೋಡಿದ್ದೇನೆ.

ಹಿತ್ತಾಳೆ ಸರಳು ಬೇಡವೇ ಬೇಡ. ಉಪ್ಪುನೀರು ಅದರೊಳಗಿನ ಸತುವನ್ನು ತಿಂದು ಹಾಕುತ್ತದೆ, ಉಳಿಯುವುದು ಕೆಂಪಗಿನ, ಟೊಳ್ಳು ತಾಮ್ರ. ಶಾಫ್ಟ್ ಮೇಲೆ ಸತುವಿನ ಬಿಲ್ಲೆ ಕಟ್ಟಿದರೆ ಸವೆಯುವುದು ಅದು, ಉಳಿಯುವುದು ಶಾಫ್ಟ್. ಆದರೆ ಬಿಲ್ಲೆಗೆ ಪೇಂಟ್ ಬಳಿಯಬಾರದು. ಗ್ರಾಫೈಟ್ ಗ್ರೀಸ್, ಗ್ಲ್ಯಾಂಡಿಗೆ ತುಂಬುವ ಗ್ರಾಫೈಟ್ ಹಗ್ಗ ಬೇಡ, ಸ್ಟೇನ್‌ಲೆಸ್ ಪಕ್ಕ ಅದಿದ್ದರೆ ತೂತು ಬೇಗ ಬೀಳುತ್ತದೆ. ಫ್ಯಾನನ್ನು ಶಾಫ್ಟಿಗೇ ವೆಲ್ಡ್ ಮಾಡಿ ಅಂತ ದಯವಿಟ್ಟು ಯಾರೂ ಕೇಳಬೇಡಿ. ಕಾವಿಗೆ ಶಾಫ್ಟ್ ಸೊಟ್ಟಗಾಗುತ್ತದೆ, ವೆಲ್ಡಿನ ಪಕ್ಕದಲ್ಲೇ ತುಕ್ಕು ಶುರುವಾಗುತ್ತದೆ.

ತುಂಗಭದ್ರೆ, ಲಿಂಗನಮಕ್ಕಿ ಹಿನ್ನೀರಿನಂಥ ಸಿಹಿನೀರಲ್ಲಿ ದೋಣಿ ಬಿಡುವವರಿಗೆ 304 ಸಾಕು, 316ಕ್ಕೆ ದುಡ್ಡು ಸುರಿಯಬೇಕಿಲ್ಲ. ನಾನು ಹೇಳುತ್ತಿರುವುದು ಕರಾವಳಿಯ ಮಾತು.

ನನ್ನ ಬೇಡಿಕೆ ದೊಡ್ಡದಲ್ಲ. ಸರಳು ಮಾರುವ ಅಂಗಡಿಯವರು ಬಿಲ್ಲಿನಲ್ಲಿ ಬರೀ ‘ಎಸ್‌ಎಸ್ ರಾಡ್’ ಅಂತ ಬರೆಯದೆ, 304 ಅಥವಾ 316 ಅಂತ ನಂಬರ್ ಬರೆದುಕೊಡಲಿ. ಆ ನಂಬರಿಗೆ ಅವರೇ ಜವಾಬ್ದಾರರಾಗಲಿ. ಲೋಹಕ್ಕೆ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಅದರಲ್ಲಿ ಏನೇನು ಎಷ್ಟಿದೆ ಅಂತ ತೋರಿಸುವ ಎಕ್ಸ್‌ರೇ ಗನ್ ಇದೆ. ನಮ್ಮಂಥ ಸಣ್ಣ ವರ್ಕ್‌ಶಾಪಿನವರಿಗೆ ಅದನ್ನು ಕೊಳ್ಳಲು ಆಗುವುದಿಲ್ಲ. ಮೀನುಗಾರಿಕೆ ಇಲಾಖೆ ಒಂದನ್ನು ತರಿಸಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಬೋಟುಗಳು ದಡದಲ್ಲಿರುತ್ತವೆ. ಆ 61 ದಿನದಲ್ಲಿ ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಕ್ಕೆ ಎರಡೆರಡು ದಿನ ಆ ಗನ್ ಬಂದರೆ ಸಾಕು. ನಾವು ಶಾಫ್ಟುಗಳನ್ನು ಬಿಚ್ಚಿ, ತೊಳೆದು, ಸಾಲಾಗಿ ಜೋಡಿಸಿ ಇಟ್ಟಿರುತ್ತೇವೆ.

ಇಂತಿ,
ಲೇತ್ ಕೆಲಸಗಾರ, ಗಂಗೊಳ್ಳಿ