ಒಬ್ಬನೇ ಆಡುವ ಗೇಮ್‌ಗೂ ನೆಟ್ ಯಾಕೆ?

ಮಾನ್ಯ ಸಂಪಾದಕರೇ,

ಮೊನ್ನೆ ನೆಟ್ ಹೋಗಿತ್ತು. ಸುಮ್ನೆ ಒಂದು ಗೇಮ್ ಆಡೋಣ ಎಂದು ಕೂತರೆ ಅದು ಲಾಗಿನ್ ಕೇಳಿ ನಿಂತುಬಿಟ್ಟಿತು. ಆಡುವವನು ನಾನೊಬ್ಬನೇ, ದುಡ್ಡೂ ಪೂರ್ತಿ ಕೊಟ್ಟಿದ್ದೇನೆ. ಕಂಪನಿಯ ಸರ್ವರ್‌ನ ಅಪ್ಪಣೆ ಯಾಕೆ ಬೇಕು?

2013ರಲ್ಲಿ ಬಂದ ಸಿಮ್‌ಸಿಟಿ ಎಂಬ ನಗರ ಕಟ್ಟುವ ಗೇಮ್‌ಗೂ ನೆಟ್ ಬೇಕೇ ಬೇಕು ಎಂದಿದ್ದರು. ಮರುವರ್ಷ ನೆಟ್ ಇಲ್ಲದೆಯೂ ಆಡುವ ಆಫ್‌ಲೈನ್ ಮೋಡ್ ಬಂತು. ಅಂದರೆ ಮನಸ್ಸಿದ್ದರೆ ಆಗುತ್ತದೆ, ಅಲ್ವಾ? ದಿ ಕ್ರೂ ಎಂಬ ಕಾರ್ ರೇಸ್ ಗೇಮ್‌ನ ಕತೆ ಇನ್ನೂ ಬೇಸರದ್ದು. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ಮುಚ್ಚಿದರು. ಒಬ್ಬರೇ ಆಡುವ ಭಾಗವೂ ಜೊತೆಗೇ ಹೋಯಿತು.

ಇದರ ಮೇಲೆ, ಯಾವಾಗ ಆಡಿದೆ, ಎಷ್ಟು ಹೊತ್ತು ಆಡಿದೆ, ಎಲ್ಲಿ ಬಿಟ್ಟೆ ಎಂಬ ಲೆಕ್ಕವನ್ನೂ ಎಷ್ಟೋ ಗೇಮ್‌ಗಳು ಕಂಪನಿಗೆ ಕಳಿಸುತ್ತವೆ. ಬೇಡ ಎಂದರೆ ಗೇಮೇ ತೆರೆಯದಿದ್ದಾಗ ಅದನ್ನು ಒಪ್ಪಿಗೆ ಅನ್ನುವುದು ಹೇಗೆ?

— ಒಬ್ಬ ಓದುಗ